ಕೂಸು ಹುಟ್ಟುವ ಮುಂಚೆ ಕುಲಾವಿ: ಟೊಪ್ಪಿ, ಮಫ್ಲರ್, ಬೂಟಿಗೆ ಫ್ರೀ ಪ್ಯಾಟರ್ನ್ ಇದ್ದರೆ ಕೊಡಿ

ಹಾಸನದ ಅಜ್ಜಿ:

ಎಲ್ಲರಿಗೂ ನಮಸ್ಕಾರ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತ ಗಾದೆ ಇದೆಯಲ್ಲ, ನಾನು ಈಗ ಮಾಡುತ್ತಿರುವುದು ಅದೇ ಕೆಲಸ. ಆಡಿಕೊಳ್ಳುವವರು ಆಡಿಕೊಳ್ಳಿ. ಮಗಳಿಗೆ ಜನವರಿಯಲ್ಲಿ ಹೆರಿಗೆ, ಇರುವುದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಬಾಣಂತನಕ್ಕೆ ನಾನು ಡಿಸೆಂಬರ್‌ನಲ್ಲಿ ಹೊರಡಬೇಕು. ಅಲ್ಲಿ ಆಗ ಮೈನಸ್ 20 ಡಿಗ್ರಿ ಕೂಡ ಆಗುತ್ತದಂತೆ, ನನಗೆ ಸಕಲೇಶಪುರದ ಚಳಿಯೇ ಜಾಸ್ತಿ.

ಹೈಸ್ಕೂಲಿನಲ್ಲಿ ಕ್ರಾಫ್ಟ್ ಟೀಚರ್ ಎರಡು ಕಡ್ಡಿಯಲ್ಲಿ ಹೆಣೆಯುವುದನ್ನು ಹೇಳಿಕೊಟ್ಟಿದ್ದರು. ಮದುವೆಯಾದ ಹೊಸದರಲ್ಲಿ ಯಜಮಾನರಿಗೆ ಒಂದು ಸ್ವೆಟರ್ ಹಾಕಿದ್ದೆ, ಆಮೇಲೆ ಕಡ್ಡಿ ಮುಟ್ಟಿದ್ದೇ ಇಲ್ಲ. ಈಗ ಅಟ್ಟದ ಟ್ರಂಕಿನಿಂದ ಅದೇ ಹಳೆ ಕಡ್ಡಿ ತೆಗೆದೆ. ವಾಟ್ಸಾಪ್ ಗುಂಪಿನಲ್ಲಿ ಯಾರೋ ಮಗುವಿನ ಟೊಪ್ಪಿ ಪ್ಯಾಟರ್ನಿನ ಫೋಟೋ ಕಳಿಸಿದ್ದರು, ಇಂಗ್ಲಿಷಿನದು. ಎಂಟನೇ ನಂಬರ್ ಕಡ್ಡಿ, 64 ಸ್ಟಿಚ್ ಅಂತ ಇತ್ತು. ಮೇಲಿನ ಭಾಗ ಫೋಟೋದಲ್ಲಿ ಕಟ್ ಆಗಿತ್ತು. ಇರಲಿ ಅಂತ ಬರೆದಿದ್ದ ಹಾಗೆಯೇ ಮಾಡಿದೆ, ಒಂದು ಸ್ಟಿಚ್ಚೂ ಹೆಚ್ಚು ಕಡಿಮೆ ಮಾಡಿಲ್ಲ. ನಾಲ್ಕು ಸಂಜೆ ಕೂತು ಮುಗಿಸಿದರೆ ಏನಾಯಿತು ಗೊತ್ತಾ, ದೇವರ ಮನೆಯ ತಾಮ್ರದ ಚೊಂಬಿಗೆ ಸರಿಯಾಗಿ ಕೂತಿತು! ಟೇಪ್ ಹಿಡಿದೆ, ಸುತ್ತಳತೆ 26 ಸೆಂಟಿಮೀಟರ್. ಯಜಮಾನರು "ಕಳಶಕ್ಕೆ ಚಳಿ ಆಗುತ್ತಿತ್ತು ಬಿಡು" ಅಂತ ನಗುತ್ತಾರೆ.

ನನ್ನ ಪ್ರಶ್ನೆ ಇಷ್ಟೇ. ಎಲ್ಲಿ ತಪ್ಪಾಯಿತು? ಮತ್ತೆ ಯಾರ ಹತ್ತಿರವಾದರೂ ಟೊಪ್ಪಿ, ಮಗುವಿನ ಕಾಲಿಗೆ ಹಾಕುವ ಬೂಟಿ, ಮತ್ತು ಅಳಿಯನಿಗೊಂದು ಮಫ್ಲರ್, ಇವಕ್ಕೆ ಪೂರ್ತಿ ಇರುವ ಫ್ರೀ ಪ್ಯಾಟರ್ನ್ ಇದೆಯಾ? ಕನ್ನಡದಲ್ಲಿ ಇದ್ದರೆ ಇನ್ನೂ ಒಳ್ಳೆಯದು. ನಾಲ್ಕು ಕಡ್ಡಿ, ಸುತ್ತು ಕಡ್ಡಿ ಎಲ್ಲ ನನಗೆ ಬರುವುದಿಲ್ಲ, ಎರಡು ಕಡ್ಡಿಯದೇ ಬೇಕು.

ಉಲ್ಲನ್ ಉಂಡೆ, ಮೈಸೂರು:

ಅಮ್ಮ, ನಿಮ್ಮ ಕೈ ತಪ್ಪಿಲ್ಲ, ತಪ್ಪಿದ್ದು ಕಡ್ಡಿ ನಂಬರ್. ಆ ಪ್ಯಾಟರ್ನ್ ಅಮೆರಿಕದವರದು, ಖಂಡಿತ. ಅವರ 8 ಅಂದರೆ 5 ಮಿಲಿಮೀಟರ್ ದಪ್ಪ. ನಮ್ಮ ಟ್ರಂಕಿನ ಹಳೆ ಕಡ್ಡಿಗಳಿಗೆ ಇರುವುದು ಬ್ರಿಟಿಷರ ಹಳೆಯ ನಂಬರ್, ಅದರಲ್ಲಿ 8 ಅಂದರೆ 4 ಮಿಲಿಮೀಟರ್. ಮಜಾ ಏನಂದ್ರೆ ಎರಡೂ ಲೆಕ್ಕ ಉಲ್ಟಾ ಓಡುತ್ತವೆ. ಅವರಲ್ಲಿ ನಂಬರ್ ಏರಿದಷ್ಟೂ ಕಡ್ಡಿ ದಪ್ಪ, ನಮ್ಮಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. ನಮ್ಮ 10 ಬರೀ ಮೂರೂಕಾಲು ಮಿಲಿಮೀಟರ್, ಅವರ 10 ಆರು ಮಿಲಿಮೀಟರ್. 7ನೇ ನಂಬರ್ ಒಂದರಲ್ಲಿ ಮಾತ್ರ ಇಬ್ಬರೂ ಎದುರುಬದುರು ಸಿಗುತ್ತಾರೆ, ಎರಡೂ ಕಡೆ ನಾಲ್ಕೂವರೆ ಮಿಲಿಮೀಟರ್. ಅದಕ್ಕೇ ನಂಬರ್ ನಂಬಬೇಡಿ, ಮಿಲಿಮೀಟರ್ ಕೇಳಿ.

ದಾರವೂ ಅಷ್ಟೇ. ಅವರು ವರ್ಸ್ಟೆಡ್ ಅನ್ನುವ ದಪ್ಪ ದಾರಕ್ಕೆ ಬರೆದಿರುತ್ತಾರೆ, ನೀವು ಅಂಗಡಿಯಲ್ಲಿ ಬೇಬಿ ಉಲ್ಲನ್ ಅಂತ ಕೇಳಿ ತೆಳ್ಳಗಿನದು ತಂದಿರುತ್ತೀರಿ. ನಮ್ಮ ಲೇಬಲ್‌ಗಳಲ್ಲಿ 3 ಪ್ಲೈ, 4 ಪ್ಲೈ ಅಂತ ಇರುವುದು ಎಷ್ಟು ಎಳೆ ಸೇರಿಸಿ ಹುರಿ ಮಾಡಿದ್ದಾರೆ ಅನ್ನುವುದರ ಲೆಕ್ಕ, ಅದರಿಂದ ದಪ್ಪ ಎಷ್ಟು ಅಂತ ಸರಿಯಾಗಿ ತಿಳಿಯುವುದಿಲ್ಲ. ಫೋಟೋದಲ್ಲಿ ಕಟ್ ಆದ ಮೇಲಿನ ಭಾಗ ಇದೆಯಲ್ಲ, ಅಲ್ಲೇ ಇತ್ತು ನಿಮಗೆ ಬೇಕಾದದ್ದು. 10 ಸೆಂಟಿಮೀಟರಿಗೆ ಎಷ್ಟು ಸ್ಟಿಚ್ ಬರಬೇಕು ಅಂತ ಅಲ್ಲಿ ಬರೆದಿರುತ್ತಾರೆ, ಗೇಜ್ ಅಂತಲೋ ಟೆನ್ಷನ್ ಅಂತಲೋ. ಅವರಿಗೆ 18 ಸ್ಟಿಚ್ ಬಂದಿರಬೇಕು, 64 ಸ್ಟಿಚ್ಚಿಗೆ ಮೂವತ್ತೈದೂವರೆ ಸೆಂಟಿಮೀಟರ್ ಟೊಪ್ಪಿ. ನಿಮಗೆ 26 ಬಂದಿದೆ ಅಂದರೆ ನಿಮ್ಮ ಕೈಯಲ್ಲಿ 10 ಸೆಂಟಿಮೀಟರಿಗೆ 24 ಸ್ಟಿಚ್ ಇರಬೇಕು. ಟೊಪ್ಪಿ ಮೇಲೆ ಸ್ಕೇಲ್ ಇಟ್ಟು ಎಣಿಸಿ ಹೇಳಿ.

ಈಗ ನನ್ನ ಟೊಪ್ಪಿ. ಇದು ಯಾರ ಪುಸ್ತಕದ್ದೂ ಅಲ್ಲ, ಅಕ್ಕನ ಮಕ್ಕಳು, ಪಕ್ಕದ ಮನೆಯವರ ಮಕ್ಕಳು ಎಲ್ಲರಿಗೂ ಹಾಕಿ ಹಾಕಿ ಕೈಯಲ್ಲಿ ಕೂತದ್ದು. ಯಾರು ಬೇಕಾದರೂ ಬಳಸಿ, ಮಾರಿದರೂ ಬೇಜಾರಿಲ್ಲ.

ಮೊದಲು ಲೆಕ್ಕ. ಹುಟ್ಟಿದ ಮಗುವಿನ ತಲೆ ಸುಮಾರು 35 ಸೆಂಟಿಮೀಟರ್, ಮೂರು ತಿಂಗಳಿಗೆ 40ರ ಹತ್ತಿರ, ವರ್ಷಕ್ಕೆ 46ರ ಹತ್ತಿರ. ಹೆಣಿಗೆ ಎಳೆದರೆ ಹಿಗ್ಗುತ್ತದೆ, ಹಾಗಾಗಿ ಟೊಪ್ಪಿ ತಲೆಗಿಂತ ಹತ್ತನೇ ಒಂದು ಭಾಗ ಚಿಕ್ಕದಿರಬೇಕು. ಮೂರು ತಿಂಗಳ ತನಕ ಆಗುವಂತೆ ಮಾಡೋಣ. 40ರಲ್ಲಿ 4 ಕಳೆದರೆ 36. ನಿಮ್ಮ ಕೈಗೆ ಒಂದು ಸೆಂಟಿಮೀಟರಿಗೆ 2.4 ಸ್ಟಿಚ್, ಗುಣಿಸಿದರೆ 86. ಇದನ್ನು 8ರ ಮಗ್ಗಿಗೆ ಸರಿ ಮಾಡಿದರೆ 88. 10 ಸೆಂಟಿಮೀಟರಿಗೆ 22 ಬರುವವರು 80 ಹಾಕಿಕೊಳ್ಳಿ. ನೆತ್ತಿಯಲ್ಲಿ ಎಂಟು ಪಾಲು ಮಾಡಿ ಕಡಿಮೆ ಮಾಡುತ್ತೇವೆ, ಅದಕ್ಕೇ 8ರ ಮಗ್ಗಿ.

10ನೇ ನಂಬರ್ (3.25 ಮಿಮೀ) ಕಡ್ಡಿಯಲ್ಲಿ 88 ಸ್ಟಿಚ್ ಹಾಕಿಕೊಳ್ಳಿ, ಸಡಿಲವಾಗಿ. ಬಿಗಿಯಾಗಿ ಹಾಕಿದರೆ ಮಗುವಿನ ಹಣೆ ಮೇಲೆ ಗೆರೆ ಬೀಳುತ್ತದೆ. ಎರಡು ಸೀದಾ (ಇಂಗ್ಲಿಷಿನ ನಿಟ್), ಎರಡು ಉಲ್ಟಾ (ಪರ್ಲ್), ಹೀಗೆ 3 ಸೆಂಟಿಮೀಟರ್ ರಿಬ್, ಅಂದರೆ ಎಳೆದರೆ ಹಿಗ್ಗುವ ಪಟ್ಟಿ. ಆಮೇಲೆ 8ನೇ ನಂಬರಿಗೆ ಬದಲಾಯಿಸಿ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ, ಶುರುವಿನಿಂದ ಒಟ್ಟು 10 ಸೆಂಟಿಮೀಟರ್ ಆಗುವವರೆಗೆ. ಉಲ್ಟಾ ಸಾಲಿನಲ್ಲಿ ನಿಲ್ಲಿಸಿ. ಈಗ ನೆತ್ತಿ. 9 ಸೀದಾ, ಮುಂದಿನ ಎರಡನ್ನು ಸೇರಿಸಿ ಒಂದು ಸೀದಾ, ಇದನ್ನೇ ಸಾಲಿನ ಕೊನೆವರೆಗೆ, 80 ಉಳಿಯುತ್ತದೆ. ವಾಪಸ್ ಉಲ್ಟಾ ಸಾಲು. ಮುಂದಿನ ಸಲ 8 ಸೀದಾ ಮಾಡಿ ಎರಡು ಸೇರಿಸಿ, ಅದರ ಮುಂದಿನ ಸಲ 7. ಹೀಗೆ ಪ್ರತಿ ಸೀದಾ ಸಾಲಿನಲ್ಲಿ 8 ಕಡಿಮೆ ಆಗುತ್ತಾ ಹೋಗಿ ಕೊನೆಗೆ 8 ಸ್ಟಿಚ್ ಉಳಿಯುತ್ತದೆ. ದಾರವನ್ನು ಒಂದು ಮೊಳ ಬಿಟ್ಟು ಕತ್ತರಿಸಿ, ದಪ್ಪ ಸೂಜಿಗೆ ಪೋಣಿಸಿ, ಆ ಎಂಟರೊಳಗೆ ತೂರಿಸಿ ಎಳೆದು ಗಂಟು ಹಾಕಿ, ಅದೇ ದಾರದಲ್ಲಿ ಬೆನ್ನಿನ ಹೊಲಿಗೆ ಹೊಲಿದುಬಿಡಿ. ಎತ್ತರ 16 ಸೆಂಟಿಮೀಟರ್ ಆಸುಪಾಸು ಬರುತ್ತದೆ. 50 ಗ್ರಾಂ ಉಂಡೆ ಒಂದು ಸಾಕು.

ಕನ್ನಡ ಕಡ್ಡಿ:

ನನ್ನ ಹತ್ತಿರ 300ಕ್ಕಿಂತ ಜಾಸ್ತಿ ಪ್ಯಾಟರ್ನ್ ಪಿಡಿಎಫ್ ಇವೆ, ದುಡ್ಡು ಕೊಟ್ಟು ತಗೊಂಡವೂ ಇವೆ. ಯಾರಿಗೆ ಬೇಕು ಹೇಳಿ, ಡ್ರೈವ್ ಲಿಂಕ್ ಹಾಕುತ್ತೇನೆ. ಎಲ್ಲ ಫ್ರೀ.

ರಿಬ್ ರಾಣಿ, ಬೆಂಗಳೂರು:

ನೀವು ದುಡ್ಡು ಕೊಟ್ಟು ತಗೊಂಡದ್ದು ನಮಗೆ ಹೇಗೆ ಫ್ರೀ ಆಗುತ್ತೆ? ಅದನ್ನು ಬರೆದವರೂ ನಮ್ಮ ಹಾಗೇ ಮನೆಯಲ್ಲಿ ಕೂತು ಹೆಣೆಯುವವರು, ಒಂದು ಟೊಪ್ಪಿಯನ್ನು ನಾಲ್ಕು ಸಲ ಬಿಚ್ಚಿ ಹಾಕಿ ಲೆಕ್ಕ ಬರೆದಿರುತ್ತಾರೆ. ದಯವಿಟ್ಟು ಆ ಲಿಂಕ್ ಹಾಕಬೇಡಿ.

ಇನ್ನು ಫ್ರೀ ಅಂತಲೇ ಕೊಟ್ಟಿರುವ ಪ್ಯಾಟರ್ನ್ ಇದ್ದರೂ ಪಿಡಿಎಫ್ ಕಳಿಸುವ ಬದಲು ಅದರ ಪುಟದ ವಿಳಾಸ ಕಳಿಸಿ. ಇದು ಬರೀ ಕಾನೂನಿನ ಮಾತಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಅವರ ಕಡೆಗೇ ಇರುತ್ತದೆ, ಅದು ಒಂದು ಕಡೆ ಇರಲಿ. ಸೀದಾ ಉಲ್ಟಾ ಹೆಣೆಯುವ ವಿಧಾನ ಯಾರ ಆಸ್ತಿಯೂ ಅಲ್ಲ, ಆದರೆ ಅವರು ಬರೆದ ಮಾತು, ತೆಗೆದ ಫೋಟೋ, ಹಾಕಿದ ಚಾರ್ಟ್ ಅವರದ್ದೇ. ಅದಕ್ಕಿಂತ ದೊಡ್ಡ ವಿಷಯ ಅಂದ್ರೆ, ಪ್ಯಾಟರ್ನ್‌ನಲ್ಲಿ ತಪ್ಪುಗಳಿರುತ್ತವೆ, ಬರೆದವರು ಆಮೇಲೆ ತಮ್ಮ ಪುಟದಲ್ಲಿ ತಿದ್ದುತ್ತಾರೆ. ವಾಟ್ಸಾಪ್‌ನಲ್ಲಿ ಸುತ್ತುವ ಫೋಟೋ ತಿದ್ದಿಕೊಳ್ಳುವುದಿಲ್ಲ. ಅಜ್ಜಿಯ ಚೊಂಬಿನ ಟೊಪ್ಪಿಯೇ ಸಾಕ್ಷಿ ಅಲ್ವಾ, ಮೇಲಿನ ನಾಲ್ಕು ಸಾಲು ಕಟ್ ಆಗಿದ್ದಕ್ಕೆ ನಾಲ್ಕು ಸಂಜೆ ಹೋಯಿತು.

ಫ್ರೀ ಬೇಕಾದವರಿಗೆ ಜಾಗ ಬೇಕಾದಷ್ಟಿದೆ. ರಾವೆಲ್ರಿ ಅಂತ ಒಂದು ವೆಬ್‌ಸೈಟ್ ಇದೆ, 2007ರಿಂದ ನಡೆಯುತ್ತಿದೆ. ಅಕೌಂಟ್ ಮಾಡಿಕೊಳ್ಳಲು ದುಡ್ಡಿಲ್ಲ, ಹುಡುಕುವಾಗ ಫ್ರೀ ಅನ್ನುವುದನ್ನು ಟಿಕ್ ಮಾಡಿ, ಜೊತೆಗೆ ಮಗು, ಟೊಪ್ಪಿ, ನಿಮ್ಮ ದಾರದ ದಪ್ಪ ಎಲ್ಲ ಆರಿಸಬಹುದು. ಹೆಣೆದವರು ಹಾಕಿದ ಫೋಟೋ ನೋಡಿ, ಪ್ಯಾಟರ್ನ್ ಬರೆದವರ ಫೋಟೋಗಿಂತ ಅದೇ ನಂಬಿಕೆಗೆ ಅರ್ಹ. ನಾರ್ವೆಯ ಡ್ರಾಪ್ಸ್ ಅನ್ನುವ ದಾರದ ಕಂಪನಿಯವರು ತಮ್ಮ ಪ್ಯಾಟರ್ನ್ ಎಲ್ಲ ಫ್ರೀಯಾಗಿ ಹಾಕಿದ್ದಾರೆ, ಬ್ರಿಟಿಷ್ ಇಂಗ್ಲಿಷ್ ಬೇಕಾ ಅಮೆರಿಕನ್ ಬೇಕಾ ಅಂತ ಆರಿಸಿಕೊಳ್ಳಬಹುದು, ಅಳತೆ ಸೆಂಟಿಮೀಟರಿನಲ್ಲೇ ಸಿಗುತ್ತದೆ. ಆದರೆ ಅವರ ಬರವಣಿಗೆ ಸ್ವಲ್ಪ ಒಣಕಲು, ಮೊದಲ ಸಲ ಓದಿದರೆ ತಲೆ ಕೆಡುತ್ತದೆ. ನಿಟ್ಟಿ ಅನ್ನುವ ಆನ್‌ಲೈನ್ ಪತ್ರಿಕೆಯೂ ಇದೆ, 2002ರಿಂದ.

ಕನ್ನಡ ಕಡ್ಡಿ:

ಸರಿ ಮೇಡಂ, ಕೋಪ ಮಾಡ್ಕೋಬೇಡಿ. ಒಳ್ಳೇ ಮನಸ್ಸಿನಿಂದ ಹೇಳಿದೆ. ಫ್ರೀ ಇರುವವನ್ನು ಬೇರೆ ಮಾಡಿ ವಿಳಾಸ ಮಾತ್ರ ಹಾಕುತ್ತೇನೆ.

ಅಳಿಯನ ಮಫ್ಲರಿಗೆ ನಾನೊಂದು ಹೇಳುತ್ತೇನೆ, ಪಿಡಿಎಫ್ ಬೇಡ, ಒಂದೇ ಸಾಲು. 43 ಸ್ಟಿಚ್ ಹಾಕಿ. 2 ಸೀದಾ, 2 ಉಲ್ಟಾ ಮಾಡುತ್ತಾ ಹೋಗಿ, ಕೊನೆಗೆ 3 ಉಳಿದಾಗ 2 ಸೀದಾ 1 ಉಲ್ಟಾ. ಮುಗೀತು. ಪ್ರತಿ ಸಾಲೂ ಇದೇ, ಎರಡೂ ಕಡೆ ಒಂದೇ ಥರ ಕಾಣುತ್ತೆ, ಅಂಚು ಸುರುಳಿ ಸುತ್ತುವುದಿಲ್ಲ. ನಾಲ್ಕರ ಮಗ್ಗಿಗೆ ಮೂರು ಸೇರಿಸಿ ಎಷ್ಟು ಬೇಕಾದರೂ ಅಗಲ ಮಾಡಬಹುದು. ನಾನು ಮೊದಲ ಮಫ್ಲರನ್ನು ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಮಾಡಿದ್ದೆ, ಅದು ಸುತ್ತಿಕೊಂಡು ಸುತ್ತಿಕೊಂಡು ಹಗ್ಗ ಆಯಿತು, ಇಸ್ತ್ರಿ ಹಾಕಿದರೂ ಬಿಡಲಿಲ್ಲ. ಇಸ್ತ್ರಿ ಹಾಕಿದ್ದಕ್ಕೆ ಅಕ್ರಿಲಿಕ್ ಕರಗಿ ಹೊಳೆಯುತ್ತಾ ಕೂತಿತು, ಅದು ಬೇರೆ ಕಥೆ. ಉದ್ದಕ್ಕೆ ಲೆಕ್ಕ ಬೇಡ, ಹಾಕಿಕೊಳ್ಳುವವರ ಎತ್ತರದಷ್ಟೇ ಮಾಡಿ. 200 ಗ್ರಾಂ ದಾರ ಇಟ್ಟುಕೊಳ್ಳಿ, ಎಲ್ಲ ಒಂದೇ ಡೈ ಲಾಟ್ ನಂಬರಿನದು, ಅಂದರೆ ಒಂದೇ ಸಲ ಬಣ್ಣ ಹಾಕಿದ್ದು. ಆಮೇಲೆ ಇನ್ನೊಂದು ಉಂಡೆ ತಂದರೆ ಬಣ್ಣ ಒಂದು ಛಾಯೆ ಬೇರೆ ಬರುತ್ತೆ.

ಮಿನ್ನೆಸೋಟ ನರ್ಸ್:

ಅಮ್ಮ, ನಾನು ನಿಮ್ಮ ಮಗಳ ಊರಿನ ಹತ್ತಿರದಲ್ಲೇ ಇದ್ದೇನೆ, ತುಮಕೂರಿನವಳು, ಹೆರಿಗೆ ವಾರ್ಡಿನಲ್ಲಿ ಕೆಲಸ. ಚಳಿ ವಿಷಯಕ್ಕೆ ಹೆದರಬೇಡಿ, ಮನೆ ಒಳಗೆ ಹೀಟರ್ ಇರುತ್ತದೆ, ನೀವು ಹತ್ತಿ ಸೀರೆಯಲ್ಲೇ ಓಡಾಡಬಹುದು. ಒಳಗಿನ ಗಾಳಿ ಮಾತ್ರ ಒಣಗಿರುತ್ತದೆ, ತುಟಿ ಒಡೆಯುತ್ತದೆ, ತುಪ್ಪದ ಡಬ್ಬಿ ಜೊತೆಗಿರಲಿ.

ಕೆಲವು ವಿಷಯ ಮೊದಲೇ ಹೇಳಿಬಿಡುತ್ತೇನೆ, ಇಲ್ಲಿಗೆ ಬಂದ ಮೇಲೆ ಅಮ್ಮ ಮಗಳ ನಡುವೆ ಜಗಳ ಆಗುವುದು ಇದಕ್ಕೇ, ನಾನು ದಿನಾ ನೋಡುತ್ತೇನೆ. ಇಲ್ಲಿನ ಮಕ್ಕಳ ವೈದ್ಯರ ಸಂಘ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಮನೆ ಒಳಗೆ ಮಲಗಿರುವ ಮಗುವಿಗೆ ಟೊಪ್ಪಿ ಬೇಡ ಅನ್ನುತ್ತದೆ. ಹುಟ್ಟಿದ ಮೊದಲ ಕೆಲವು ಗಂಟೆ ಹಾಕುತ್ತಾರೆ, ಆಸ್ಪತ್ರೆಯವರೇ ಹಾಕುತ್ತಾರೆ. ಆಮೇಲೆ ಒಳಗೆ ಬೇಡ. ಮಗು ಮೈ ಬಿಸಿಯನ್ನು ಹೆಚ್ಚಾಗಿ ತಲೆಯಿಂದಲೇ ಹೊರಗೆ ಬಿಡುತ್ತದೆ, ಮುಚ್ಚಿದರೆ ಮೈ ಕಾಯುತ್ತದೆ, ಟೊಪ್ಪಿ ಜಾರಿ ಮೂಗು ಮುಚ್ಚುವ ಭಯವೂ ಇದೆ. ಮಲಗುವ ತೊಟ್ಟಿಲಲ್ಲಿ ಸಡಿಲ ಕಂಬಳಿಯೂ ಬೇಡ. ಟೊಪ್ಪಿ ಹೊರಗೆ ಹೋಗುವಾಗ ಬೇಕೇ ಬೇಕು, ಹಾಗಾಗಿ ನಿಮ್ಮ ಕೆಲಸ ವ್ಯರ್ಥ ಅಲ್ಲ.

ಕುಲಾವಿಗೆ ನಮ್ಮಲ್ಲಿ ಗದ್ದದ ಕೆಳಗೆ ಕಟ್ಟುವ ಲಾಡಿ ಇಡುತ್ತೇವಲ್ಲ, ಅದನ್ನು ಬಿಟ್ಟುಬಿಡಿ, ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಗುಂಡಿ, ಮಣಿ ಬೇಡ, ಕಿತ್ತು ಬಾಯಿಗೆ ಹಾಕುತ್ತವೆ. ಬೂಟಿ ಹೆಣೆದ ಮೇಲೆ ಒಳಗೆ ಕೈ ಹಾಕಿ ನೋಡಿ, ಸಡಿಲ ದಾರ ಒಂದೂ ಇರಬಾರದು. ಸಣ್ಣ ಎಳೆಯೊಂದು ಕಾಲಿನ ಬೆರಳಿಗೆ ಸುತ್ತಿಕೊಂಡು ಬೆರಳು ಕೆಂಪಗೆ ಊದಿದ್ದನ್ನು ಕಣ್ಣಾರೆ ನೋಡಿದ್ದೇನೆ. ಮಗು ಅಳು ನಿಲ್ಲಿಸದಿದ್ದರೆ ನಾನು ಮೊದಲು ಕಾಲುಚೀಲ ಬಿಚ್ಚಿ ನೋಡುತ್ತೇನೆ.

ಇನ್ನೊಂದು. ಇಲ್ಲಿ ಕಾರ್ ಸೀಟ್ ಇಲ್ಲದೆ ಆಸ್ಪತ್ರೆಯಿಂದ ಮಗುವನ್ನು ಮನೆಗೆ ಕರೆದುಕೊಂಡು ಹೋಗುವ ಹಾಗಿಲ್ಲ. ದಪ್ಪ ಸ್ವೆಟರ್ ಹಾಕಿ ಬೆಲ್ಟ್ ಕಟ್ಟಿದರೆ ಬೆಲ್ಟ್ ಸಡಿಲ ಉಳಿಯುತ್ತದೆ. ತೆಳ್ಳಗಿನ ಬಟ್ಟೆ ಹಾಕಿ, ಬೆಲ್ಟ್ ಕಟ್ಟಿ, ಆಮೇಲೆ ಮೇಲೆ ಹೊದಿಸಬೇಕು. ಟೈಮ್ ಇದ್ದರೆ ಒಂದು ಚಿಕ್ಕ ಹೊದಿಕೆ ಹೆಣೆಯಿರಿ, ಸ್ವೆಟರಿಗಿಂತ ಅದೇ ಕೆಲಸಕ್ಕೆ ಬರುತ್ತದೆ.

ಗೋಕುಲ ರಸ್ತೆ ಆಯಿ, ಹುಬ್ಬಳ್ಳಿ:

ಟೊಪ್ಪಿಗೆ ಬೇಡ ಅನ್ನೋರನ್ನ ಇವತ್ತೇ ನೋಡಿದೆ ನೋಡ್ರಿ. ನಾನು ನಾಲ್ಕು ಮಕ್ಕಳನ್ನ ಹಡೆದೆ, ಏಳು ಮೊಮ್ಮಕ್ಕಳಿಗೆ ಎರೆದೆ, ನಲವತ್ತು ದಿನ ತಲೆ ಮೇಲಿನ ಕುಲಾವಿ ತೆಗೆದಿಲ್ಲ, ಎಲ್ಲ ಗಟ್ಟಿಯಾಗೇ ಇವೆ. ಇರಲಿ, ಆ ಊರಿನ ಪದ್ಧತಿ ಆ ಊರಿಗೆ.

ಹಾಸನದ ತಂಗಿ, ಕುಲಾವಿ ಬೇರೆ ಕುಂಚಿಗೆ ಬೇರೆ, ಈಗಿನವರು ಎರಡನ್ನೂ ಒಂದೇ ಮಾಡಿಬಿಟ್ಟಿದ್ದಾರೆ. ಕುಲಾವಿ ತಲೆಗೆ ಮಾತ್ರ. ಕುಂಚಿಗೆ ತಲೆಯಿಂದ ಇಳಿದು ಬೆನ್ನಿನ ತನಕ ಮುಚ್ಚುತ್ತದೆ. ನಾನು ಉಲ್ಲನ್‌ನಲ್ಲಿ ಕುಂಚಿಗೆ ಹಾಕುತ್ತೇನೆ, ಬರೀ ಸೀದಾ, ಉಲ್ಟಾ ಇಲ್ಲವೇ ಇಲ್ಲ. ಒಂದು ಉದ್ದನೆ ಪಟ್ಟಿ, ಒಂದು ಗೇಣಿಗೆ ನಾಲ್ಕು ಬೆರಳು ಕಡಿಮೆ ಅಗಲ, ಉದ್ದ ಒಂದೂವರೆ ಗೇಣು. ಅದನ್ನು ಮಧ್ಯಕ್ಕೆ ಮಡಚಿ ಹಿಂದಿನ ಅಂಚು ಹೊಲಿದರೆ ತಲೆ ಆಯಿತು, ನೆತ್ತಿಯಲ್ಲಿ ಚೂಪಾಗಿ ನಿಲ್ಲುತ್ತದೆ, ಚೆಂದ ಕಾಣಿಸುತ್ತದೆ. ಕೆಳಗಿನ ಅಂಚಿನಿಂದ ಸ್ಟಿಚ್ ಎತ್ತಿಕೊಂಡು ಬೆನ್ನಿನ ಭಾಗ ಮುಂದುವರಿಸುವುದು. ಅಳತೆ ಕೇಳಬೇಡ್ರಿ, ಮಗುವನ್ನ ತೊಡೆ ಮೇಲೆ ಹಾಕಿಕೊಂಡು ನೋಡಿ ನಿಲ್ಲಿಸುವುದು.

ಉಲ್ಲನ್ ಉಂಡೆ, ಮೈಸೂರು:

ಆಯಿ, ಗೇಣು ನಿಮ್ಮದಾ ನನ್ನದಾ? ನನ್ನದು ಬರೀ 19 ಸೆಂಟಿಮೀಟರ್!

ಗೋಕುಲ ರಸ್ತೆ ಆಯಿ, ಹುಬ್ಬಳ್ಳಿ:

ಟೇಪ್ ತರಿಸಿ ಅಳೆದೆ, ನನ್ನದು 21. ಈಗ ನೀವೇ ಬರಕೊಳ್ರಿ.

ದುರ್ಗದ ಕಂಬಳಿ:

ಮಧ್ಯೆ ಬಾಯಿ ಹಾಕುತ್ತೇನೆ. ನಮ್ಮ ಚಳ್ಳಕೆರೆ ಕಡೆ ಕುರಿ ಉಣ್ಣೆಯಲ್ಲಿ ಕಂಬಳಿ ನೇಯುತ್ತಾರೆ, ಆ ಉಣ್ಣೆ ತಂದು ಮೊಮ್ಮಗನಿಗೆ ಟೊಪ್ಪಿ ಹೆಣೆದರೆ ಹೇಗೆ ಅಂತ ನಮ್ಮ ಮನೆಯವರು ಕೇಳುತ್ತಿದ್ದಾರೆ. ಲೋಕಲ್ ಅಲ್ವಾ ಅಂತ.

ಉಲ್ಲನ್ ಉಂಡೆ, ಮೈಸೂರು:

ಸರ್, ಡೆಕ್ಕನಿ ಕುರಿಯ ಉಣ್ಣೆ ಒರಟು. ಮಳೆಯಲ್ಲಿ ಕುರಿ ಕಾಯುವವರ ಹೆಗಲಿಗೆ ಅದಕ್ಕಿಂತ ಒಳ್ಳೆಯದು ಇಲ್ಲ, ಮಗುವಿನ ಕೆನ್ನೆಗೆ ಚುಚ್ಚುತ್ತದೆ. ಮೃದು ಉಣ್ಣೆ ಬೇಕಾದರೆ ಮೆರಿನೋ, ಆದರೆ ಲೇಬಲ್‌ನಲ್ಲಿ ಸೂಪರ್‌ವಾಶ್ ಅಂತ ಇಲ್ಲದಿದ್ದರೆ ಮಷೀನಿಗೆ ಹಾಕಿದ ದಿನವೇ ಮುದುಡಿ ಗೊಂಬೆ ಟೊಪ್ಪಿ ಆಗುತ್ತದೆ. ಬಾಣಂತಿ ಮನೆಯಲ್ಲಿ ಯಾರು ಕೈಯಲ್ಲಿ ಒಗೆಯುತ್ತಾರೆ ಹೇಳಿ. ನಾನಂತೂ ಚಿಕ್ಕ ಮಕ್ಕಳಿಗೆ ಬೇಬಿ ಅಕ್ರಿಲಿಕ್ ಅಥವಾ ಹತ್ತಿ ದಾರವನ್ನೇ ಹಿಡಿಯುತ್ತೇನೆ. ಕೊಳ್ಳುವಾಗ ಕತ್ತಿನ ಪಕ್ಕಕ್ಕೆ ಉಜ್ಜಿ ನೋಡಿ, ಅಂಗೈಯಲ್ಲಿ ನೋಡಿದರೆ ಗೊತ್ತಾಗುವುದಿಲ್ಲ.

ರಿಬ್ ರಾಣಿ, ಬೆಂಗಳೂರು:

ಬೂಟಿ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಕೊನೆವರೆಗೆ ಎಲ್ಲ ಸಾಲೂ ಸೀದಾ. ದಾರ ಟೊಪ್ಪಿಯದೇ, ಕಡ್ಡಿ 10ನೇ ನಂಬರ್.

27 ಸ್ಟಿಚ್ ಹಾಕಿ. "ಹೆಚ್ಚಿಸಿ" ಅಂದರೆ ಎರಡು ಸ್ಟಿಚ್ ನಡುವಿನ ಅಡ್ಡ ದಾರವನ್ನು ಎತ್ತಿ ತಿರುಚಿ ಹೆಣೆದು ಒಂದು ಹೊಸ ಸ್ಟಿಚ್ ಮಾಡುವುದು. ಮೊದಲ ಸಾಲು: 1 ಸೀದಾ, ಹೆಚ್ಚಿಸಿ, 12 ಸೀದಾ, ಹೆಚ್ಚಿಸಿ, 1 ಸೀದಾ, ಹೆಚ್ಚಿಸಿ, 12 ಸೀದಾ, ಹೆಚ್ಚಿಸಿ, 1 ಸೀದಾ. 31 ಆಯಿತು. ಒಂದು ಸಾಲು ಸುಮ್ನೆ ಸೀದಾ. ಮೂರನೇ ಸಾಲಿನಲ್ಲಿ ಅದನ್ನೇ ಮಾಡಿ, ಆದರೆ ಎರಡು ತುದಿಯಲ್ಲಿ 1ರ ಬದಲು 2, ಮಧ್ಯದಲ್ಲಿ 1ರ ಬದಲು 3. 35 ಆಯಿತು. ಮತ್ತೆ ಒಂದು ಸಾಲು ಸುಮ್ನೆ. ಐದನೇ ಸಾಲಿನಲ್ಲಿ ತುದಿಗೆ 3, ಮಧ್ಯಕ್ಕೆ 5. 39 ಆಯಿತು, ಅಂಗಾಲು ಮುಗಿಯಿತು. ಈಗ 11 ಸಾಲು ಏನೂ ಯೋಚಿಸದೆ ಸೀದಾ.

ಪಾದದ ಮೇಲ್ಭಾಗದಲ್ಲಿ ಎಲ್ಲರೂ ತಪ್ಪುವುದು, ನಿಧಾನ ಓದಿ. 22 ಸೀದಾ, ಎರಡು ಸೇರಿಸಿ ಒಂದು. ಇಲ್ಲೇ ತಿರುಗಿಸಿ, ಸಾಲು ಮುಗಿಸಬೇಡಿ. ಒಂದು ಸ್ಟಿಚ್ ಹೆಣೆಯದೆ ದಾಟಿಸಿ, 5 ಸೀದಾ, ಎರಡು ಸೇರಿಸಿ ಒಂದು, ತಿರುಗಿಸಿ. ಮತ್ತೆ ಒಂದು ದಾಟಿಸಿ, 5 ಸೀದಾ, ಎರಡು ಸೇರಿಸಿ ಒಂದು, ತಿರುಗಿಸಿ. ಮಧ್ಯದ ಏಳು ಸ್ಟಿಚ್ ಹೀಗೆ ಹಿಂದೆ ಮುಂದೆ ಓಡಾಡುತ್ತಾ ಪಕ್ಕದ ಒಂದೊಂದನ್ನು ನುಂಗುತ್ತಾ ಹೋಗುತ್ತದೆ. ಎರಡೂ ಪಕ್ಕದಲ್ಲಿ ಒಂಬತ್ತೊಂಬತ್ತು ಉಳಿದಾಗ ನಿಲ್ಲಿಸಿ, ಒಟ್ಟು 25. ಸಾಲು ಕೊನೆವರೆಗೆ ಹೆಣೆದು, ವಾಪಸ್ ಒಂದು ಪೂರ್ತಿ ಸಾಲು ಬನ್ನಿ. ಆಮೇಲೆ ಒಂದು ಸೀದಾ ಒಂದು ಉಲ್ಟಾ ರಿಬ್, 5 ಸೆಂಟಿಮೀಟರ್. ಸಡಿಲವಾಗಿ ಮುಚ್ಚಿ, ಅಂಗಾಲು ಮತ್ತು ಹಿಂಭಾಗ ಹೊಲಿಯಿರಿ. ಈ ರಿಬ್ ಉದ್ದ ಇರುವುದರಿಂದ ಲಾಡಿ ಇಲ್ಲದೆಯೂ ಕಾಲಿನಲ್ಲಿ ನಿಲ್ಲುತ್ತದೆ. ಎರಡನೇ ಬೂಟಿಯನ್ನು ಅದೇ ದಿನ ಶುರು ಮಾಡಿ. ನನ್ನ ಹತ್ತಿರ ಜೋಡಿಯಿಲ್ಲದ ಒಂಟಿ ಬೂಟಿ ಮೂರು ಇವೆ.

ಹಾಸನದ ಅಜ್ಜಿ:

ಎಲ್ಲರಿಗೂ ಎಷ್ಟು ಹೇಳಿದರೂ ಕಡಿಮೆ. ಸ್ಕೇಲ್ ಇಟ್ಟು ಎಣಿಸಿದೆ, ಉಲ್ಲನ್ ಉಂಡೆಯವರು ಹೇಳಿದ್ದು ಸರಿ, 24ಕ್ಕೆ 24! 88 ಹಾಕಿ ಹೊಸದು ಮುಗಿಸಿದೆ, 36 ಸೆಂಟಿಮೀಟರ್ ಬಂದಿದೆ. ಈ ಸಲ ಚೊಂಬಿನ ಬದಲು ಸಿಪ್ಪೆ ತೆಗೆದ ದೊಡ್ಡ ತೆಂಗಿನಕಾಯಿಗೆ ಹಾಕಿ ನೋಡಿದೆ. ಬೂಟಿ ಒಂದು ಆಗಿದೆ, ತಿರುಗಿಸುವ ಜಾಗದಲ್ಲಿ ಎರಡು ಸಲ ಬಿಚ್ಚಿದೆ. ಮಗಳಿಗೆ ಫೋನಿನಲ್ಲಿ ಟೊಪ್ಪಿ ತೋರಿಸಿದೆ. "ಅಮ್ಮಾ, ಮಲಗಿಸುವಾಗ ಹಾಕಬೇಡ ಆಯ್ತಾ" ಅಂದಳು. ನನಗೆ ಗೊತ್ತು ಕಣೇ, ಹೊರಗೆ ಹೋಗುವಾಗ ಮಾತ್ರ ಅಂದೆ. ಅವಳಿಗೆ ಆಶ್ಚರ್ಯ, ನಾನು ಇಲ್ಲಿಂದ ಕಲಿತದ್ದು ಅಂತ ಹೇಳಲಿಲ್ಲ.

ಆಯಿ, ನೀವು ಬೇಜಾರು ಮಾಡ್ಕೋಬೇಡಿ, ಕುಂಚಿಗೆಯನ್ನು ಕಾರ್ ಸೀಟ್ ಮೇಲೆ ಹೊದಿಸೋಕೆ ಆಗುವಂತೆ ಬೆನ್ನಿನ ಭಾಗ ಅಗಲ ಮಾಡಿ ಹಾಕುತ್ತೇನೆ. ಆ ಮೊದಲ ಟೊಪ್ಪಿಯನ್ನು ಬಿಚ್ಚಿ ದಾರ ಉಳಿಸಿಕೊಳ್ಳಲಾ ಅಂತ ನೋಡುತ್ತಿದ್ದೇನೆ.

ಮಿನ್ನೆಸೋಟ ನರ್ಸ್:

ಬಿಚ್ಚಬೇಡಿ! 26 ಸೆಂಟಿಮೀಟರ್ ಟೊಪ್ಪಿ ಎಳೆದರೆ 29ರ ತನಕ ಹಿಗ್ಗುತ್ತದೆ. ಏಳು ತಿಂಗಳಿಗೇ ಹುಟ್ಟಿಬಿಡುವ ಮಕ್ಕಳ ತಲೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆ ಮಕ್ಕಳಿಗೆ ಮೈ ಬಿಸಿ ಉಳಿಸಿಕೊಳ್ಳುವುದೇ ಕಷ್ಟ, ಅಲ್ಲಿ ನರ್ಸ್‌ಗಳ ಕಣ್ಣೆದುರಿಗೇ ಟೊಪ್ಪಿ ಹಾಕಿರುತ್ತಾರೆ. ನಿಮ್ಮ ಊರಿನ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವಿಭಾಗ ಇದ್ದರೆ ಬೇಕಾ ಅಂತ ಕೇಳಿ ನೋಡಿ. ಕೇಳದೆ ಕೊಡಬೇಡಿ, ಕೆಲವು ಕಡೆ ಹೊರಗಿನದು ತಗೊಳ್ಳುವುದಿಲ್ಲ. ಒಗೆದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡಿ.

ಹಾಸನದ ಅಜ್ಜಿ:

ಇವತ್ತು ಹೋಗಿದ್ದೆ. ಬಾಗಿಲ ಹತ್ತಿರ ಸಿಸ್ಟರ್ ಒಬ್ಬರು ಬಂದರು, ಟೊಪ್ಪಿಯನ್ನು ಒಳಗೆ ಹೊರಗೆ ತಿರುಗಿಸಿ ನೋಡಿದರು, ಹೊಲಿಗೆಯನ್ನು ಬೆರಳಲ್ಲಿ ಒತ್ತಿ ನೋಡಿದರು. ಇದೇ ಅಳತೆಯಲ್ಲಿ ಇನ್ನೂ ಹತ್ತು ಸಿಗುತ್ತಾ ಅಂದರು. ಡಿಸೆಂಬರ್ ತನಕ ನನ್ನ ಕೈಯಲ್ಲಿ ಹತ್ತು ಆಗುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತೇನೆ, ಕಟ್ ಆಗದ ಹಾಗೆ.

ಚೊಂಬಿನ ಟೊಪ್ಪಿ. ಮೃದು ಬೇಬಿ ಅಕ್ರಿಲಿಕ್, 25 ಗ್ರಾಂ ಸಾಕು. ನಮ್ಮ 8ನೇ ನಂಬರ್ ಕಡ್ಡಿ, ಅಂದರೆ 4 ಮಿಲಿಮೀಟರ್, ಅಮೆರಿಕದ 8 ಅಲ್ಲ. 10 ಸೆಂಟಿಮೀಟರಿಗೆ 24 ಸ್ಟಿಚ್ ಬರಬೇಕು. 64 ಸ್ಟಿಚ್ ಹಾಕಿ, 2 ಸೀದಾ 2 ಉಲ್ಟಾ ರಿಬ್ 2 ಸೆಂಟಿಮೀಟರ್, ಆಮೇಲೆ ಸೀದಾ ಸಾಲು ಉಲ್ಟಾ ಸಾಲು, ಒಟ್ಟು 8 ಸೆಂಟಿಮೀಟರ್ ಆಗುವವರೆಗೆ. ನೆತ್ತಿಗೆ 6 ಸೀದಾ, ಎರಡು ಸೇರಿಸಿ ಒಂದು, ಆಮೇಲೆ 5, ಆಮೇಲೆ 4, ಮಧ್ಯೆ ಮಧ್ಯೆ ಉಲ್ಟಾ ಸಾಲು, 8 ಉಳಿಯುವವರೆಗೆ. ದಾರ ಎಳೆದು ಹೊಲಿಯಿರಿ. ಗುಂಡಿ ಲಾಡಿ ಬೇಡ. ಸುತ್ತಳತೆ 26.

ಹಾಸನದವರು ಯಾರಾದರೂ ಇದ್ದರೆ ಹೇಳಿ, ನನ್ನ ಹತ್ತಿರ ಹಳದಿ ಉಂಡೆ ಎರಡು ಮಿಕ್ಕಿವೆ.

ಕನ್ನಡ ಕಡ್ಡಿ:

ನಾನು ಅರಸೀಕೆರೆ. ಭಾನುವಾರ ಬರುತ್ತೇನೆ, ಹಳದಿ ಇಟ್ಟಿರಿ.